ಶಾಲೆಯ ಲೆಕ್ಕವನ್ನು ಹಂತ ಬಿಡದೆ ಬಿಡಿಸುವ ಬಗೆ

ಒಂದು ಸಾಲಿಗೆ ಒಂದೇ ಕೆಲಸ. ಲೆಕ್ಕ ಬಿಡಿಸುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಇದು. ಆವರಣ ಬಿಡಿಸುವುದು, ಗುಣಿಸುವುದು, ಒಂದು ಪದವನ್ನು ಆಚೆ ಬದಿಗೆ ಒಯ್ಯುವುದು, ಈ ಮೂರನ್ನೂ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಎಲ್ಲಿ ತಪ್ಪಿತೆಂದು ಆಮೇಲೆ ಹುಡುಕಲಾಗುವುದಿಲ್ಲ. ಈ ಸಾಲು ಹಿಂದಿನ ಸಾಲಿನಿಂದ ಹೇಗೆ ಬಂತು ಎಂದು ಬಾಯಿಬಿಟ್ಟು ಹೇಳಲು ಬರಬೇಕು. ‘ಹೀಗೇ ಮಾಡಬೇಕಂತೆ’ ಎಂಬ ಉತ್ತರ ಬರುವ ಜಾಗದಲ್ಲೇ ಮುಂದೊಂದು ದಿನ ಲೆಕ್ಕ ಕೆಡುತ್ತದೆ. ಮಕ್ಕಳು ಹೆಚ್ಚಾಗಿ ಎಡವುವ ಜಾಗಗಳನ್ನಷ್ಟೇ ಇಲ್ಲಿ ಆರಿಸಿಕೊಂಡಿದ್ದೇವೆ. ಸಲೀಸಾಗಿ ಬರುವುದನ್ನು ಬಿಟ್ಟಿದ್ದೇವೆ.

ಪ್ರಶ್ನೆಯನ್ನು ಓದುವುದು

ಹೇಳಿಕೆ ಲೆಕ್ಕ ಎದುರಾದರೆ ಪೆನ್ಸಿಲ್ ಹಿಡಿದ ಕೂಡಲೇ ಕೂಡಬೇಡಿ, ಕಳೆಯಬೇಡಿ. ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಓದಿ. ಏನು ಕೇಳಿದ್ದಾರೆ, ಯಾವ ಮಾನದಲ್ಲಿ ಕೇಳಿದ್ದಾರೆ ಎಂಬುದನ್ನು ‘ಉಳಿದ ನೀರು = ? ಲೀಟರ್’ ಎಂಬಂತೆ ಬರೆದಿಡಿ. ಆಮೇಲೆ ಮೇಲಿನಿಂದ ಓದುತ್ತಾ ಕೊಟ್ಟಿರುವ ಸಂಖ್ಯೆಗಳನ್ನು ಅವುಗಳ ಮಾನದ ಜೊತೆಗೇ ಪಟ್ಟಿ ಮಾಡಿ.

ತೊಟ್ಟಿಯಲ್ಲಿ 450 ಲೀಟರ್ ನೀರಿದೆ, ನಿಮಿಷಕ್ಕೆ 12 ಲೀಟರ್‌ನಂತೆ ಹೊರಗೆ ಹೋಗುತ್ತಿದೆ, 25 ನಿಮಿಷದ ಬಳಿಕ ಎಷ್ಟು ಉಳಿದಿರುತ್ತದೆ? ಇಲ್ಲಿ 450ರಿಂದ 25ನ್ನಾಗಲಿ 12ನ್ನಾಗಲಿ ನೇರವಾಗಿ ಕಳೆಯಲು ಬರುವುದಿಲ್ಲ. ಲೀಟರಿನಿಂದ ಲೀಟರನ್ನೇ ಕಳೆಯಬೇಕು. ಆದ್ದರಿಂದ ನಡುವೆ ಒಂದು ಪ್ರಶ್ನೆ ಅಡಗಿದೆ: ಹೊರಗೆ ಹೋದದ್ದು ಎಷ್ಟು ಲೀಟರ್?

12 × 25 = 300 ಲೀಟರ್ ಹೊರಗೆ ಹೋಯಿತು
450 − 300 = 150 ಲೀಟರ್ ಉಳಿಯಿತು

ಸಾಲಿನ ಪಕ್ಕ ಎರಡು ಮೂರು ಪದಗಳಲ್ಲಿ ಅದು ಏನೆಂದು ಬರೆಯುವುದು ಸಮಯ ಹಾಳು ಮಾಡುವ ಕೆಲಸವಲ್ಲ. 300 ಎಂಬುದು ಉತ್ತರವೋ ದಾರಿಯೋ ಎಂಬ ಗೊಂದಲ ಅಲ್ಲೇ ತೀರುತ್ತದೆ.

‘ಹೆಚ್ಚು ಅಂದರೆ ಕೂಡು, ಕಡಿಮೆ ಅಂದರೆ ಕಳೆ’ ಎಂದು ಕಲಿಸುವ ಪರಿಪಾಠವನ್ನು ಬಿಟ್ಟುಬಿಡುವುದೇ ಒಳ್ಳೆಯದು. ‘ಅಣ್ಣನ ಬಳಿ 24 ಪೆನ್ಸಿಲ್‌ಗಳಿವೆ. ಇದು ತಂಗಿಯ ಬಳಿ ಇರುವುದಕ್ಕಿಂತ 9 ಹೆಚ್ಚು. ತಂಗಿಯ ಬಳಿ ಎಷ್ಟಿವೆ?’ ಪದವನ್ನು ನಂಬಿದರೆ 33 ಬರುತ್ತದೆ. ಆಗ ತಂಗಿಯ ಬಳಿಯೇ ಹೆಚ್ಚಾಯಿತು! ಸರಿಯಾದ ಉತ್ತರ 24 − 9 = 15. ಯಾರ ಬಳಿ ಜಾಸ್ತಿ ಇದೆ ಎಂಬುದನ್ನು ಲೆಕ್ಕಕ್ಕೆ ಮೊದಲೇ ಗೊತ್ತು ಮಾಡಿಕೊಂಡರೆ ಈ ತಪ್ಪು ಆಗುವುದಿಲ್ಲ.

ಭಾಗಾಕಾರದಲ್ಲಿ ಉಳಿಯುವ ಶೇಷವನ್ನು ಏನು ಮಾಡಬೇಕೆಂದೂ ಪ್ರಶ್ನೆಯೇ ಹೇಳುತ್ತದೆ. 130 ÷ 40 ಮಾಡಿದರೆ ಭಾಗಲಬ್ಧ 3, ಶೇಷ 10. 40 ಆಸನಗಳ ಬಸ್ಸಿನಲ್ಲಿ 130 ಮಂದಿ ಕೂತು ಹೋಗಬೇಕಾದರೆ 4 ಬಸ್ ಬೇಕು. ಉಳಿದ ಹತ್ತು ಮಂದಿಯನ್ನು ಬಿಟ್ಟು ಹೋಗುವ ಹಾಗಿಲ್ಲ. 130 ಸೆಂಟಿಮೀಟರ್ ದಾರದಿಂದ 40 ಸೆಂಟಿಮೀಟರಿನ ತುಂಡುಗಳನ್ನು ಕತ್ತರಿಸಿದರೆ ಸಿಗುವುದು 3 ತುಂಡು ಮಾತ್ರ. 130 ಲೀಟರ್ ನೀರನ್ನು 40 ಪಾತ್ರೆಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 3.25 ಲೀಟರ್. ಭಾಗಾಕಾರ ಒಂದೇ, ಉತ್ತರ ಮೂರು ಬಗೆ.

ನಡುವೆ ಸೊನ್ನೆ ಬಂದಾಗ

ಕಳೆಯುವಾಗ, ಗುಣಿಸುವಾಗ, ಭಾಗಿಸುವಾಗ ಹೆಚ್ಚಿನ ತಪ್ಪುಗಳು ಸೊನ್ನೆಯ ಸುತ್ತಲೇ ಇರುತ್ತವೆ. ಸ್ಥಾನಬೆಲೆ ಮನಸ್ಸಿನಲ್ಲಿ ಕೂತಿದೆಯೋ ಇಲ್ಲವೋ ಎಂಬುದು ಇಲ್ಲೇ ಬಯಲಾಗುತ್ತದೆ.

5003 − 1786. ಬಿಡಿ ಸ್ಥಾನದಲ್ಲಿ 3ರಿಂದ 6 ಹೋಗುವುದಿಲ್ಲ. ಕಡ ತರೋಣವೆಂದರೆ ಹತ್ತರ ಮನೆಯೂ ಖಾಲಿ, ನೂರರ ಮನೆಯೂ ಖಾಲಿ. ಸಾವಿರದ ಮನೆಯಿಂದ 1 ತೆಗೆದರೆ ಅಲ್ಲಿ 4 ಉಳಿದು ನೂರರ ಮನೆಗೆ 10 ಬರುತ್ತದೆ. ಅದರಿಂದ 1 ತೆಗೆದರೆ ನೂರರಲ್ಲಿ 9 ಉಳಿದು ಹತ್ತರ ಮನೆಗೆ 10. ಅದರಿಂದಲೂ 1 ತೆಗೆದರೆ ಹತ್ತರಲ್ಲಿ 9 ಉಳಿದು ಬಿಡಿಗೆ 13. ಹೀಗೆ 5003 ಎಂಬುದು 4000 + 900 + 90 + 13 ಆಯಿತು. ಬೆಲೆ ಬದಲಾಗಲಿಲ್ಲ, ಬಿಡಿಸಿಟ್ಟ ರೀತಿ ಮಾತ್ರ ಬದಲಾಯಿತು. ಈಗ 13 − 6 = 7, 9 − 8 = 1, 9 − 7 = 2, 4 − 1 = 3. ಉತ್ತರ 3217.

ಇದನ್ನೇ ಚಿಕ್ಕದಾಗಿ ನೋಡಬಹುದು. 5003 ಎಂದರೆ 500 ಹತ್ತುಗಳು ಮತ್ತು 3 ಬಿಡಿ. 500 ಹತ್ತುಗಳಿಂದ ಒಂದು ಹತ್ತನ್ನು ಕೊಟ್ಟರೆ 499 ಹತ್ತು, 13 ಬಿಡಿ. ಮೇಲೆ ಮೂರು ಸಲ ಹೊಡೆದು ತಿದ್ದುವುದರ ಬದಲು ಒಂದೇ ಸಲ 499 ಎಂದು ಬರೆದರೆ ಸಾಕು. ಬಾಯಿಲೆಕ್ಕಕ್ಕಾದರೆ ಎರಡೂ ಸಂಖ್ಯೆಗಳಿಂದ 4 ತೆಗೆದು 4999 − 1782 ಮಾಡಿ. ಕಡ ತರುವ ಮಾತೇ ಇಲ್ಲ.

ಮಗು 4783 ಎಂದು ಬರೆದಿದ್ದರೆ ಅದು ಅಜಾಗರೂಕತೆಯಲ್ಲ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 6 − 3, 8 − 0, 7 − 0, 5 − 1. ಅದಕ್ಕೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತನ್ನೂ ಹಾಗೆಯೇ ಮಾಡುತ್ತದೆ. ಹತ್ತರ ಕಟ್ಟುಗಳನ್ನು ಬಿಚ್ಚಿ ಬಿಡಿ ಮಾಡುವುದನ್ನು ಕಡ್ಡಿಗಳಲ್ಲಿ ತೋರಿಸುವ ಹಂತಕ್ಕೆ ಹಿಂದಿರುಗಬೇಕು.

ಗುಣಾಕಾರದಲ್ಲಿ 347 × 206 ತೆಗೆದುಕೊಳ್ಳಿ. 206 ಎಂದರೆ 200 + 6.

347 × 6 = 2082
347 × 200 = 69400
ಕೂಡಿದರೆ 71482

ಎರಡನೆಯ ಸಾಲನ್ನು ‘347 × 2 = 694, ಒಂದು ಮನೆ ಬಿಟ್ಟು ಬರಿ’ ಎಂದು ಯಾಂತ್ರಿಕವಾಗಿ ಮಾಡಿದವರಿಗೆ 6940 ಬಂದು, ಮೊತ್ತ 9022 ಆಗುತ್ತದೆ. ಅದು 347 × 26ರ ಉತ್ತರ. 350 × 200 = 70000 ಎಂಬ ಅಂದಾಜನ್ನು ಮೊದಲೇ ಅಂಚಿನಲ್ಲಿ ಬರೆದಿದ್ದರೆ 9022ನ್ನು ನೋಡಿದ ತಕ್ಷಣ ಅನುಮಾನ ಬರುತ್ತಿತ್ತು.

ಭಾಗಾಕಾರದ ಸೊನ್ನೆ ಇನ್ನೂ ಮೋಸದ್ದು. 6324 ÷ 6: 6ರಲ್ಲಿ 6 ಒಂದು ಸಲ, ಭಾಗಲಬ್ಧದಲ್ಲಿ 1. 3ನ್ನು ಇಳಿಸಿ, 3ರಲ್ಲಿ 6 ಹೋಗುವುದಿಲ್ಲ, ಆದ್ದರಿಂದ 0. ಈ ಸೊನ್ನೆಯನ್ನು ಬರೆಯಲೇಬೇಕು. 2ನ್ನು ಇಳಿಸಿದರೆ 32, ಅದರಲ್ಲಿ 5 ಸಲ, ಉಳಿದದ್ದು 2. 4ನ್ನು ಇಳಿಸಿದರೆ 24, 4 ಸಲ. ಉತ್ತರ 1054. ಸೊನ್ನೆ ಬಿಟ್ಟವರಿಗೆ 154 ಬರುತ್ತದೆ. ಭಾಗಲಬ್ಧದ ಮೊದಲ ಅಂಕಿ ಬಂದ ಮೇಲೆ, ಕೆಳಗೆ ಒಂದು ಅಂಕಿ ಇಳಿಸಿದಾಗಲೆಲ್ಲ ಮೇಲೆ ಒಂದು ಅಂಕಿ ಏರಲೇಬೇಕು. ಬರೆಯುವ ಅಂಕಿಯನ್ನು ಭಾಜ್ಯದ ಅದೇ ಅಂಕಿಯ ನೇರಕ್ಕೆ ಬರೆದರೆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ.

ಭಾಜಕ ಎರಡಂಕಿಯದಾದರೆ ಊಹೆಯಲ್ಲಿ ತಡಕಾಡುವುದು ಬೇಡ. 8736 ÷ 24ಕ್ಕೆ ಮೊದಲು ಅಂಚಿನಲ್ಲಿ 24ರ ಮಗ್ಗಿಯನ್ನು 9ರವರೆಗೆ ಬರೆದುಕೊಳ್ಳಿ: 24, 48, 72, 96, 120, 144, 168, 192, 216. 87ಕ್ಕೆ 72 (3), ಶೇಷ 15. 153ಕ್ಕೆ 144 (6), ಶೇಷ 9. 96ಕ್ಕೆ 96 (4). ಉತ್ತರ 364. ಯಾವುದೇ ಹಂತದಲ್ಲಿ ಶೇಷ 24 ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಆರಿಸಿದ ಅಂಕಿ ಚಿಕ್ಕದಾಯಿತೆಂದು ಅರ್ಥ.

ಭಿನ್ನರಾಶಿ

3/4 + 5/6. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿ 8/10 ಬರೆಯುವುದು ಎಲ್ಲ ತರಗತಿಗಳಲ್ಲೂ ಕಾಣುವ ತಪ್ಪು. ‘ಹಾಗೆ ಮಾಡಬಾರದು’ ಎಂದಷ್ಟೇ ಹೇಳಿದರೆ ನಿಲ್ಲುವುದಿಲ್ಲ. 8/10 ಎಂದರೆ 0.8, 5/6 ಎಂದರೆ ಸುಮಾರು 0.83. ಒಂದಕ್ಕೆ ಮತ್ತೊಂದನ್ನು ಸೇರಿಸಿದ ಮೇಲೆ ಮೊದಲಿದ್ದದ್ದಕ್ಕಿಂತ ಕಡಿಮೆಯಾಯಿತು! ಇದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಛೇದವು ತುಂಡು ಎಷ್ಟು ದೊಡ್ಡದು ಎಂಬುದನ್ನು ಹೇಳುತ್ತದೆ, ಅಂಶವು ಅಂಥ ತುಂಡುಗಳು ಎಷ್ಟಿವೆ ಎಂಬುದನ್ನು. ತುಂಡಿನ ಅಳತೆ ಒಂದೇ ಆಗದೆ ಎಣಿಸಿ ಕೂಡಲು ಬರುವುದಿಲ್ಲ. 4 ಮತ್ತು 6ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12.

3/4 = 9/12
5/6 = 10/12
9/12 + 10/12 = 19/12 = 1 7/12

4 × 6 = 24ನ್ನು ಛೇದವಾಗಿ ತೆಗೆದುಕೊಂಡರೂ ಉತ್ತರ ಸರಿಯೇ ಬರುತ್ತದೆ; ಸಂಖ್ಯೆಗಳು ದೊಡ್ಡದಾಗಿ ಕೊನೆಯಲ್ಲಿ ಸಂಕ್ಷೇಪಿಸಬೇಕಾಗುತ್ತದೆ, ಅಷ್ಟೆ. ಈ ಲ.ಸಾ.ಅ. ಹೊಸದೇನಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಇದನ್ನು ‘ನಿರುದ್ಧ’ ಎಂದು ಕರೆದು, ಭಿನ್ನರಾಶಿಗಳನ್ನು ಸಮಚ್ಛೇದ ಮಾಡಲು ಬಳಸಿದ್ದಾನೆ.

ಮಿಶ್ರ ಭಿನ್ನರಾಶಿಯನ್ನು ಕಳೆಯುವಾಗ ಬೇರೊಂದು ಅಭ್ಯಾಸ ಅಡ್ಡ ಬರುತ್ತದೆ. 4 1/3 − 1 3/4 ಎಂಬುದು ಸಮಚ್ಛೇದ ಮಾಡಿದಾಗ 4 4/12 − 1 9/12 ಆಗುತ್ತದೆ. 4ರಿಂದ 9 ಹೋಗುವುದಿಲ್ಲ, ಪೂರ್ಣದಿಂದ 1 ಕಡ ತರಬೇಕು. ಕಡ ಎಂದ ಕೂಡಲೇ 10 ಸೇರಿಸುವ ಕೈ 14/12 ಎಂದು ಬರೆದುಬಿಡುತ್ತದೆ. ಇಲ್ಲಿ ಒಂದು ಪೂರ್ಣ ಎಂದರೆ 12/12. ಆದ್ದರಿಂದ 3 16/12 − 1 9/12 = 2 7/12.

ಭಾಗಿಸುವಾಗ ‘ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು’ ಎಂಬ ಸೂತ್ರ ಎಲ್ಲರಿಗೂ ಗೊತ್ತು. ಯಾಕೆಂದು ಬಹಳ ಮಂದಿಗೆ ಗೊತ್ತಿಲ್ಲ. 3/4 ÷ 2/5ನ್ನು ಸಮಚ್ಛೇದ ಮಾಡಿ ನೋಡಿ: 15/20 ÷ 8/20. ಎರಡರ ತುಂಡುಗಳ ಅಳತೆಯೂ ಒಂದೇ ಆದ ಮೇಲೆ ಪ್ರಶ್ನೆ ಇಷ್ಟೇ: 15 ತುಂಡುಗಳಲ್ಲಿ 8 ತುಂಡುಗಳ ಗುಂಪು ಎಷ್ಟು? 15/8. ಈ 15 ಬಂದದ್ದು 3 × 5ರಿಂದ, 8 ಬಂದದ್ದು 4 × 2ರಿಂದ. 3/4 × 5/2 ಮಾಡಿದರೂ ಅದೇ ಗುಣಾಕಾರ. ಸೂತ್ರ ಈ ದಾರಿಯ ಅಡ್ಡಹಾದಿ. ಎರಡನೆಯದರ ಬದಲು ಮೊದಲನೆಯದನ್ನು ತಲೆಕೆಳಗು ಮಾಡಿದರೆ 8/15 ಬರುತ್ತದೆ. 3/4 ದೊಡ್ಡದು, 2/5 ಚಿಕ್ಕದು, ದೊಡ್ಡದರಲ್ಲಿ ಚಿಕ್ಕದು ಒಂದಕ್ಕಿಂತ ಹೆಚ್ಚು ಸಲ ಇರಲೇಬೇಕು ಎಂದು ನೆನೆದರೆ ಸಾಕು.

ದಶಮಾಂಶದಲ್ಲಿ ಎರಡೇ ಮಾತು. ಕೂಡುವಾಗ, ಕಳೆಯುವಾಗ ಬಿಂದುವಿನ ಕೆಳಗೆ ಬಿಂದು ಬರಲಿ. ಬಲಗಡೆಯ ಅಂಚನ್ನು ಸರಿಹೊಂದಿಸಬೇಡಿ. ಗುಣಿಸುವಾಗ 0.3 × 0.2 = 0.06, ಯಾಕೆಂದರೆ ಹತ್ತನೇ ಒಂದರ ಹತ್ತನೇ ಒಂದು ಎಂದರೆ ನೂರನೇ ಒಂದು.

ಯಾವುದು ಮೊದಲು, ‘=’ ಏನು ಹೇಳುತ್ತದೆ

ಯಾವ ಕ್ರಿಯೆ ಮೊದಲೆಂದು ನೆನಪಿಡಲು ಕಲಿಸುವ ಬೋಡ್‌ಮಾಸ್ (BODMAS) ಎಂಬ ಕಂಠಪಾಠದಲ್ಲಿ ಭಾಗಾಕಾರ ಗುಣಾಕಾರಕ್ಕಿಂತ ಮೊದಲು, ಸಂಕಲನ ವ್ಯವಕಲನಕ್ಕಿಂತ ಮೊದಲು ಬರುತ್ತದೆ. ಅದನ್ನು ಅಕ್ಷರಶಃ ನಂಬಿದವರು 15 − 6 + 4ರಲ್ಲಿ ಮೊದಲು 6 + 4 ಕೂಡಿ 5 ಎನ್ನುತ್ತಾರೆ. ಸರಿಯುತ್ತರ 13. ಭಾಗಾಕಾರ, ಗುಣಾಕಾರ ಎರಡೂ ಒಂದೇ ದರ್ಜೆಯವು. ಸಂಕಲನ, ವ್ಯವಕಲನ ಎರಡೂ ಅದರ ಕೆಳಗಿನ ಒಂದೇ ದರ್ಜೆಯವು. ಒಂದೇ ದರ್ಜೆಯವು ಸಿಕ್ಕಾಗ ಎಡದಿಂದ ಬಲಕ್ಕೆ ನಡೆಯಬೇಕು. ಹಾಗೆ 24 ÷ 4 × 3 = 18; 2 ಅಲ್ಲ.

ಸಮಚಿಹ್ನೆಯನ್ನು ‘ಉತ್ತರ ಬಂತು’ ಎನ್ನುವ ಗುರುತಾಗಿ ಬಳಸುವುದು ಇನ್ನೊಂದು ರೋಗ. 5ಕ್ಕೆ 3 ಕೂಡಿ, 2ರಿಂದ ಗುಣಿಸಿ, 4 ಕಳೆಯಬೇಕೆಂದಾಗ ಹೀಗೆ ಬರೆಯುತ್ತಾರೆ:

5 + 3 = 8 × 2 = 16 − 4 = 12

ಇದು 5 + 3 ಎಂಬುದು 12ಕ್ಕೆ ಸಮ ಎಂದು ಹೇಳುತ್ತಿದೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ತಂದಾಗ ಎರಡು ಸಮಾಂತರ ಗೆರೆಗಳನ್ನು ಆರಿಸಿದ್ದು ಅವಕ್ಕಿಂತ ಸಮವಾದದ್ದು ಬೇರೆ ಇಲ್ಲವೆಂಬ ಕಾರಣಕ್ಕೆ. ಎಡಗಡೆ ಇರುವುದೂ ಬಲಗಡೆ ಇರುವುದೂ ಒಂದೇ ಬೆಲೆಯವು ಎಂಬುದು ಅದರ ಪೂರ್ತಿ ಅರ್ಥ. ಮೇಲಿನದನ್ನು ಮೂರು ಸಾಲು ಮಾಡಿ: 5 + 3 = 8; 8 × 2 = 16; 16 − 4 = 12. ಕೆಳ ತರಗತಿಯಲ್ಲಿ ಇದನ್ನು ನೋಡಿಯೂ ನೋಡದಂತೆ ಬಿಟ್ಟರೆ ಸಮೀಕರಣಕ್ಕೆ ಬಂದಾಗ ಮಗು ಪೂರ್ತಿ ದಿಕ್ಕೆಡುತ್ತದೆ.

ಸಮೀಕರಣ

ಗೊತ್ತಿಲ್ಲದ ಸಂಖ್ಯೆಯನ್ನು ‘ಯ’ ಎಂದಿಟ್ಟುಕೊಳ್ಳೋಣ. 3(ಯ − 4) = 2ಯ + 7.

3ಯ − 12 = 2ಯ + 7 (ಆವರಣ ಬಿಡಿಸಿದೆ)
ಯ − 12 = 7 (ಎರಡೂ ಬದಿಯಿಂದ 2ಯ ಕಳೆದಿದೆ)
ಯ = 19 (ಎರಡೂ ಬದಿಗೆ 12 ಕೂಡಿದೆ)

ತಾಳೆ ನೋಡುವುದು: ಎಡಬದಿ 3 × 15 = 45, ಬಲಬದಿ 38 + 7 = 45.

ಮೊದಲ ಸಾಲಿನಲ್ಲಿ 3ಯ − 4 ಎಂದು ಬರೆಯುವವರು ಬಹಳ. ಹೊರಗಿನ 3 ಆವರಣದೊಳಗಿನ ಪ್ರತಿಯೊಂದನ್ನೂ ಗುಣಿಸಬೇಕು. ಆವರಣದ ಮುಂದೆ ಕಳೆಯುವ ಚಿಹ್ನೆ ಇದ್ದರೆ ಒಳಗಿನ ಎಲ್ಲ ಚಿಹ್ನೆಗಳೂ ಬದಲಾಗುತ್ತವೆ: 10 − (ಯ − 3) = 10 − ಯ + 3.

‘ಆಚೆಗೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ಪಕ್ಷಾಂತರದ ಮಾತನ್ನು ಕಾರಣವಿಲ್ಲದೆ ಕಲಿತವರು 3ಯ = 12 ಕಂಡಾಗ ಯ = 12 − 3 = 9 ಎಂದು ಬರೆಯುವುದುಂಟು. ಯ ಜೊತೆ 3 ಕೂಡಿಕೊಂಡಿಲ್ಲ, ಗುಣಿಸಿಕೊಂಡಿದೆ. ಆದ್ದರಿಂದ ಎರಡೂ ಬದಿಯನ್ನು 3ರಿಂದ ಭಾಗಿಸಬೇಕು. ಆವರಣದಲ್ಲಿ ‘ಎರಡೂ ಬದಿಗೆ ಏನು ಮಾಡಿದೆ’ ಎಂದು ಬರೆಯುವ ರೂಢಿಯನ್ನು ಕನಿಷ್ಠ ಒಂದು ವರ್ಷ ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ.

ಭಿನ್ನರಾಶಿ ಇರುವ ಸಮೀಕರಣವನ್ನು ಛೇದಗಳ ಲ.ಸಾ.ಅ.ದಿಂದ ಗುಣಿಸಿ ಹಗುರ ಮಾಡಿಕೊಳ್ಳಿ. ಯ/3 + ಯ/4 = 14ನ್ನು 12ರಿಂದ ಗುಣಿಸಿದರೆ 4ಯ + 3ಯ = 168, ಅಂದರೆ ಯ = 24. ಬಲಗಡೆಯ 14ನ್ನು ಗುಣಿಸಲು ಮರೆತರೆ 7ಯ = 14, ಯ = 2 ಎಂದು ನೋಡಲು ಚಂದದ ಉತ್ತರ ಬರುತ್ತದೆ. ಚಂದ ಕಂಡಿತೆಂದು ನಂಬಬೇಡಿ, ಮೂಲಕ್ಕೆ ಹಾಕಿ ನೋಡಿ: 2/3 + 2/4 ಎಂಬುದು 14ರ ಹತ್ತಿರಕ್ಕೂ ಬರುವುದಿಲ್ಲ.

ಶೇಕಡಾ ಮತ್ತು ಪ್ರಮಾಣ

ಶೇಕಡಾ ಎಂಬ ಪದ ಕಂಡಾಗಲೆಲ್ಲ ‘ಯಾವುದರ?’ ಎಂದು ಕೇಳಿಕೊಳ್ಳಿ. 500ನ್ನು 20% ಹೆಚ್ಚಿಸಿದರೆ 600. ಅದನ್ನು 20% ಇಳಿಸಿದರೆ 480, ಯಾಕೆಂದರೆ ಎರಡನೆಯ ಸಲ 20% ಎಂದದ್ದು 600ರದು. ತಿರುಗಿಸಿ ಕೇಳಿದಾಗ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ: 20% ಹೆಚ್ಚಾದ ಮೇಲೆ 480 ಆಗಿದೆ, ಮೊದಲೆಷ್ಟಿತ್ತು? 480ರ 20% ಆದ 96ನ್ನು ಕಳೆದು 384 ಎನ್ನುವುದು ತಪ್ಪು. ಮೊದಲಿನದನ್ನು 100% ಎಂದರೆ ಈಗಿನದು 120%. 120% = 480, 1% = 4, 100% = 400. ಒಂದು ಶೇಕಡಾಕ್ಕೆ ಇಳಿದು ಮತ್ತೆ ನೂರಕ್ಕೆ ಏರುವ ಈ ದಾರಿ ಉದ್ದವಾದರೂ ಕೈಕೊಡುವುದಿಲ್ಲ. ಬಾಯಿಲೆಕ್ಕಕ್ಕೆ 10% ಆಧಾರ ಒಳ್ಳೆಯದು: 240ರ 15% ಎಂದರೆ 24 ಮತ್ತು ಅದರ ಅರ್ಧ 12, ಒಟ್ಟು 36.

ಪ್ರಮಾಣದ ಲೆಕ್ಕದಲ್ಲಿ ಅಡ್ಡ ಗುಣಾಕಾರಕ್ಕೆ ಮೊದಲು ಉತ್ತರ ಹೆಚ್ಚಬೇಕೋ ತಗ್ಗಬೇಕೋ ಎಂದು ಹೇಳಿ. 6 ಪಂಪುಗಳು ಒಂದು ತೊಟ್ಟಿಯನ್ನು 8 ಗಂಟೆಯಲ್ಲಿ ತುಂಬಿದರೆ 4 ಪಂಪುಗಳು? ಪಂಪು ಕಡಿಮೆ, ಸಮಯ ಹೆಚ್ಚು. ಒಂದೇ ಪಂಪಿಗಾದರೆ 6 × 8 = 48 ಗಂಟೆ; ನಾಲ್ಕಕ್ಕೆ 48 ÷ 4 = 12 ಗಂಟೆ. ಸರಾಸರಿ ವೇಗದಲ್ಲೂ ಎಚ್ಚರ ಬೇಕು: 60 ಕಿಲೋಮೀಟರನ್ನು ಗಂಟೆಗೆ 30ರಂತೆ ಹೋಗಿ 20ರಂತೆ ಹಿಂದಿರುಗಿದರೆ ಸರಾಸರಿ 25 ಅಲ್ಲ. ಹೋಗಲು 2 ಗಂಟೆ, ಬರಲು 3 ಗಂಟೆ; 120 ÷ 5 = 24. ನಿಧಾನದ ವೇಗದಲ್ಲಿ ಹೆಚ್ಚು ಹೊತ್ತು ಇದ್ದುದರಿಂದ ಸರಾಸರಿ ಆ ಕಡೆ ವಾಲಿತು.

ಮಾನಗಳು

3 ಮೀಟರ್ 45 ಸೆಂಟಿಮೀಟರ್ ಎಂದರೆ 3.45 ಮೀಟರ್. 3 ಗಂಟೆ 45 ನಿಮಿಷ ಎಂದರೆ 3.75 ಗಂಟೆ, ಗಂಟೆಗೆ 60 ನಿಮಿಷ ಇರುವುದರಿಂದ. 1 ಮೀಟರ್ 100 ಸೆಂಟಿಮೀಟರ್ ಆದರೂ 1 ಚದರ ಮೀಟರ್ 10,000 ಚದರ ಸೆಂಟಿಮೀಟರ್. ಉದ್ದ ಅಗಲ ಎರಡೂ ನೂರು ಪಟ್ಟು. ವಿಸ್ತೀರ್ಣದ ಲೆಕ್ಕದಲ್ಲಿ ಮೊದಲೇ ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ತಂದರೆ ಈ ತೊಡಕಿಲ್ಲ. 4 ಮೀಟರ್ × 3.5 ಮೀಟರ್ ನೆಲಕ್ಕೆ 50 ಸೆಂಟಿಮೀಟರ್ ಚೌಕದ ಹಾಸುಗಳು ಎಷ್ಟು ಬೇಕು? ಉದ್ದಕ್ಕೆ 400 ÷ 50 = 8, ಅಗಲಕ್ಕೆ 350 ÷ 50 = 7, ಒಟ್ಟು 56.

ತಾಳೆ ನೋಡುವುದು, ತಪ್ಪು ಹುಡುಕುವುದು

ಅದೇ ಲೆಕ್ಕವನ್ನು ಅದೇ ರೀತಿ ಮತ್ತೆ ಮಾಡಿದರೆ ಕೈ ಅದೇ ತಪ್ಪನ್ನು ಮತ್ತೆ ಮಾಡುತ್ತದೆ. ಬೇರೆ ದಾರಿಯಿಂದ ಬನ್ನಿ. ವ್ಯವಕಲನವನ್ನು ಕೂಡಿ ನೋಡಿ: 3217 + 1786 = 5003. ಭಾಗಾಕಾರಕ್ಕೆ ಭಾಗಲಬ್ಧ × ಭಾಜಕ + ಶೇಷ.

ಗುಣಾಕಾರಕ್ಕೆ ಒಂಬತ್ತರ ಪರೀಕ್ಷೆ ಚುರುಕಾದದ್ದು. ಅಂಕಿಗಳನ್ನು ಒಂದಂಕಿ ಬರುವವರೆಗೆ ಕೂಡುತ್ತಾ ಹೋಗಿ. 347: 14, ಅಂದರೆ 5. 206: 8. 5 × 8 = 40, ಅಂದರೆ 4. ಉತ್ತರ 71482: 22, ಅಂದರೆ 4. ತಾಳೆಯಾಯಿತು. ಆದರೆ ಮೇಲೆ ಕಂಡ ತಪ್ಪು ಉತ್ತರ 9022ನ್ನೂ ಪರೀಕ್ಷಿಸಿ: 13, ಅಂದರೆ 4. ಅದೂ ಪಾಸಾಗುತ್ತದೆ! ಬಿಟ್ಟುಹೋದ ಸೊನ್ನೆಯನ್ನೂ ಅದಲುಬದಲಾದ ಅಂಕಿಗಳನ್ನೂ ಈ ಪರೀಕ್ಷೆ ಹಿಡಿಯಲಾರದು. ತಾಳೆಯಾಗದಿದ್ದರೆ ತಪ್ಪಿರುವುದು ಖಚಿತ. ತಾಳೆಯಾದರೆ ಸರಿಯೆಂಬುದು ಖಚಿತವಲ್ಲ. ಅದಕ್ಕಾಗಿ ಅಂದಾಜು ಜೊತೆಯಲ್ಲಿರಬೇಕು.

ಉತ್ತರ ತಪ್ಪೆಂದು ಗೊತ್ತಾದಾಗ ರಬ್ಬರ್ ಹಿಡಿಯಬೇಡಿ. ಮೊದಲು ಪ್ರಶ್ನೆಯಿಂದ ಸಂಖ್ಯೆಗಳನ್ನು ಸರಿಯಾಗಿ ಇಳಿಸಿಕೊಂಡಿದೆಯೇ ನೋಡಿ. 206ನ್ನು 260 ಎಂದು ಬರೆದುಕೊಂಡಿರುವುದು ಅಪರೂಪವಲ್ಲ. ಆಮೇಲೆ ನಡುವಿನ ಒಂದು ಸಾಲನ್ನು ಹಿಡಿಯಿರಿ. ಸಮೀಕರಣವಾದರೆ ಸಿಕ್ಕ ಉತ್ತರವನ್ನು ಆ ಸಾಲಿಗೆ ಹಾಕಿ. ಅಲ್ಲಿ ಎರಡೂ ಬದಿ ಸಮವಾದರೆ ತಪ್ಪು ಅದಕ್ಕಿಂತ ಮೇಲಿದೆ. ಸಮವಾಗದಿದ್ದರೆ ಕೆಳಗೆ ಒಂದು ತಪ್ಪಂತೂ ಇದೆ, ಅದನ್ನು ತಿದ್ದಿದ ಮೇಲೆ ಮೇಲಿನ ಭಾಗವನ್ನೂ ನೋಡಬೇಕು. ಮಗುವಿನ ಲೆಕ್ಕ ತಿದ್ದುವವರು ಮೊದಲ ತಪ್ಪು ಸಾಲಿನ ಪಕ್ಕ ಒಂದು ಚುಕ್ಕೆ ಇಟ್ಟು ನಿಲ್ಲಿಸಲಿ. ಅದರ ಕೆಳಗಿನದನ್ನೆಲ್ಲ ಹೊಡೆದು ಹಾಕುವ ಅಗತ್ಯವಿಲ್ಲ. ಆ ಸಾಲು ಹೇಗೆ ಬಂತೆಂದು ಮಗುವೇ ಹೇಳಲಿ.